ಅಜ್ಜನ ಬೆಳ್ಳಿ ಕಪ್ಪನ್ನು ಹಾಕಿ ಪಂದ್ಯಕ್ಕೆ ಕೊಡಬಹುದೇ?

ಪ್ರಶ್ನೆ: ಮನೆಯ ಕಪಾಟಿನಲ್ಲಿ ಅಜ್ಜನ ಕಾಲದ ಬೆಳ್ಳಿ ಕಪ್ ಇದೆ. ಊರಿನ ಹಾಕಿ ಪಂದ್ಯಾವಳಿಗೆ ಪರ್ಯಾಯ ಪಾರಿತೋಷಕವಾಗಿ ಕೊಡಬೇಕೆಂದಿದ್ದೇವೆ. ‘ಹಳೆಯ ಪಾತ್ರೆಯನ್ನು ದಾಟಿಸುತ್ತಿದ್ದೀರಿ, ಟ್ರೋಫಿ ಎಂದರೆ ಹಾಯಿದೋಣಿ ಸ್ಪರ್ಧೆಯ ಅಮೆರಿಕಾಸ್ ಕಪ್ಪಿನ ಹಾಗೆ ಪಂದ್ಯಕ್ಕೆಂದೇ ಮಾಡಿಸಿದ್ದಾಗಿರಬೇಕು’ ಎಂದು ಬಂಧುಗಳು ಆಕ್ಷೇಪಿಸುತ್ತಿದ್ದಾರೆ. ಏನು ಮಾಡುವುದು?

ಉತ್ತರ: ಧಾರಾಳವಾಗಿ ಕೊಡಿ. ಕಾಫಿ ಕೊಯ್ಲು ಮುಗಿದು ಮೈದಾನಗಳಲ್ಲಿ ಸುಣ್ಣದ ಗೆರೆ ಬೀಳುವ ಹೊತ್ತಿಗೆ ಪ್ರತಿವರ್ಷ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ಈ ಸಲ ನಿಮ್ಮ ಬಂಧುಗಳು ತಾವಾಗಿಯೇ ಅಮೆರಿಕಾಸ್ ಕಪ್ಪಿನ ಹೆಸರೆತ್ತಿದ್ದು ಒಳ್ಳೆಯದಾಯಿತು. ಅವರ ವಾದವನ್ನು ಮುರಿಯಲು ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಅಮೆರಿಕ ದೇಶದ ಹಾಯಿದೋಣಿಗಳನ್ನು ಗೌರವಿಸಲು ವಿಕ್ಟೋರಿಯಾ ರಾಣಿ ಮಾಡಿಸಿದಳು ಎಂಬುದು ಆ ಕಪ್ಪಿನ ಬಗ್ಗೆ ಚಾಲ್ತಿಯಲ್ಲಿರುವ ಕಥೆ. ಮದುವೆಯ ಊಟದ ಸಾಲಿನಲ್ಲಿ ಪಕ್ಕದ ಎಲೆಯವರು ಇದನ್ನು ನನಗೇ ವಿವರಿಸಿದ್ದುಂಟು. ಆ ಕಥೆಯಲ್ಲಿ ರಾಣಿಯೂ ಸುಳ್ಳು, ದೇಶವೂ ಸುಳ್ಳು, ‘ಮಾಡಿಸಿದಳು’ ಎಂಬ ಕ್ರಿಯಾಪದವೂ ಸುಳ್ಳು.

ಮೊದಲು ಕ್ರಿಯಾಪದ. 1848ರಲ್ಲಿ ಲಂಡನ್ನಿನ ಗ್ಯಾರಾರ್ಡ್ ಎಂಬ ಬೆಳ್ಳಿ ವ್ಯಾಪಾರಿಗಳು ಮಾರಾಟಕ್ಕೆಂದು ಮಾಡಿಟ್ಟಿದ್ದ ಸಿದ್ಧ ಮಾಲು ಅದು. ಆಂಗ್ಲೆಸಿಯ ಮಾರ್ಕ್ವೆಸ್ ಹೆನ್ರಿ ಪ್ಯಾಜೆಟ್, ಅಂದರೆ ವಾಟರ್ಲೂ ಯುದ್ಧದಲ್ಲಿ ಕಾಲು ಕಳೆದುಕೊಂಡ ಸೇನಾನಿ, ಅದನ್ನು ಕೊಂಡ. ಮುಂದೆ 1851ರಲ್ಲಿ ಅದು ರಾಯಲ್ ಯಾಟ್ ಸ್ಕ್ವಾಡ್ರನ್ ಎಂಬ ಕ್ಲಬ್ಬಿನ ಸ್ಪರ್ಧೆಗೆ ಬಹುಮಾನವಾಯಿತು. ನೀವು ಮಾಡಲು ಹೊರಟಿರುವುದೂ ಇದನ್ನೇ.

ಇನ್ನು ದೇಶ. 1851ರ ಆಗಸ್ಟ್ 22ರಂದು ಐಲ್ ಆಫ್ ವೈಟ್ ದ್ವೀಪವನ್ನು ಸುತ್ತುವ ಆ ಸ್ಪರ್ಧೆಯನ್ನು ಗೆದ್ದದ್ದು ನ್ಯೂಯಾರ್ಕಿನಿಂದ ಬಂದಿದ್ದ ‘ಅಮೆರಿಕ’ ಎಂಬ ಸ್ಕೂನರ್ ದೋಣಿ. ಅದು ನೀರಿಗಿಳಿದದ್ದೇ 1851ರಲ್ಲಿ. ಮೂರು ವರ್ಷ ಮೊದಲೇ ತಯಾರಾದ ಕಪ್ಪನ್ನು ಇನ್ನೂ ಹುಟ್ಟದ ದೋಣಿಗಾಗಿ ಯಾರು ಮಾಡಿಸುತ್ತಾರೆ? ಗೆದ್ದ ದೋಣಿಯ ಹೆಸರೇ ಕಪ್ಪಿಗೆ ಅಂಟಿತು, ಅಷ್ಟೇ. ನಮ್ಮಲ್ಲಿ ಕ್ರಮ ತಿರುಗುಮುರುಗು. 1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಒಕ್ಕ, ಅಂದರೆ ಪಾಂಡಂಡ ಮನೆತನ, ಕೊಡವ ಕೌಟುಂಬಿಕ ಹಾಕಿಯನ್ನು ಆರಂಭಿಸಿದಂದಿನಿಂದ ಕಪ್ಪಿಗೆ ನಡೆಸುವ ಒಕ್ಕದ ಹೆಸರು. ನಮ್ಮದು ಬಡಿಸಿದವರ ಹೆಸರು, ಅಲ್ಲಿಯದು ಉಂಡವರ ಹೆಸರು.

ರಾಣಿ ಅಂದು ತನ್ನ ಹಡಗಿನಲ್ಲಿ ಬಂದು ಸ್ಪರ್ಧೆ ನೋಡಿದ್ದು ನಿಜ. ನೋಡಿದಳು, ಅಷ್ಟಕ್ಕೇ ಮುಗಿಯಿತು.

ಅದನ್ನು ‘ಕಪ್’ ಎನ್ನುವುದೂ ಸಲುಗೆಯ ಮಾತು. ಅದು ಹಿಡಿಯೂ ಮೂತಿಯೂ ಇರುವ ಹೂಜಿ. ಮದುವೆಯ ಮುಹೂರ್ತದಲ್ಲಿ ಹಾಲು ಕೊಡುವ ನಮ್ಮ ‘ಕಿಂಡಿ’ ಎಂಬ ಮೂತಿಯ ಪಾತ್ರೆಗೆ ದೂರದ ನೆಂಟ ಎನ್ನಬಹುದು. ಆದರೆ ಆ ಹೂಜಿಗೆ ತಳವೇ ಇಲ್ಲ. ಮೇಲಿನಿಂದ ಹಾಲು ಹೊಯ್ದರೆ ನೇರ ನಿಮ್ಮ ಪಾದಕ್ಕೆ ಅಭಿಷೇಕ. ಮೈಮೇಲಿನ ಬರಹದಲ್ಲೂ ತಪ್ಪಿದೆ. ನೂರು ಪೌಂಡಿನ ಕಪ್ಪಿನ ಮೇಲೆ ಗೆದ್ದವರು ‘100 ಗಿನಿ ಕಪ್’ ಎಂದು ಕೆತ್ತಿಸಿದರು. ಒಂದು ಗಿನಿಗೆ 21 ಶಿಲಿಂಗ್, ಪೌಂಡಿಗೆ 20. ಐದು ಪೌಂಡಿನ ಈ ಸುಳ್ಳು ಇಂದಿಗೂ ಅಳಿಸದೆ ಉಳಿದಿದೆ. ಕೆತ್ತಿಸುವ ಮುನ್ನ ಕಾಗುಣಿತವನ್ನು ಇಬ್ಬರಿಂದ ಓದಿಸಿ ಎಂದು ನಾನು ಪೀಡಿಸುವುದು ಇದಕ್ಕೇ.

ತಳವಿಲ್ಲದ ಆ ಹೂಜಿಗೆ ಬೆಲೆ ತಂದದ್ದು ಒಂದು ಕಾಗದ. ಗೆದ್ದವರು 1857ರಲ್ಲಿ ಅದನ್ನು ನ್ಯೂಯಾರ್ಕ್ ಯಾಟ್ ಕ್ಲಬ್ಬಿಗೆ ದಾನಪತ್ರ ಬರೆದು ಒಪ್ಪಿಸಿದರು. ದೇಶಗಳ ನಡುವಿನ ಸ್ನೇಹದ ಸ್ಪರ್ಧೆಗೆ ಇದು ಶಾಶ್ವತ ಸವಾಲಿನ ಕಪ್ ಎಂಬುದು ಅದರ ಸಾರ. ಅಮೆರಿಕನ್ನರ ಕೈಯಿಂದ ಅದನ್ನು ಬಿಡಿಸಿಕೊಳ್ಳಲು 132 ವರ್ಷ ಬೇಕಾಯಿತು. 1983ರಲ್ಲಿ ‘ಆಸ್ಟ್ರೇಲಿಯಾ 2’ ಎಂಬ ದೋಣಿ ಆ ಕೆಲಸ ಮಾಡಿತು. ನೀವೂ ಒಂದು ಹಾಳೆ ಬರೆದುಕೊಡಿ: ಗೆದ್ದವರು ಎಷ್ಟು ದಿನ ಇಟ್ಟುಕೊಳ್ಳಬಹುದು, ಜಜ್ಜಿಹೋದರೆ ಖರ್ಚು ಯಾರದು, ಪಂದ್ಯಾವಳಿ ನಿಂತುಹೋದರೆ ಕಪ್ ಯಾರ ಮನೆಗೆ. ಜಜ್ಜುವ ಮಾತು ತಮಾಷೆಯಲ್ಲ. 1997ರಲ್ಲಿ ಆಕ್ಲೆಂಡಿನಲ್ಲಿ ಒಬ್ಬ ದೊಡ್ಡ ಸುತ್ತಿಗೆಯಿಂದ ಅಮೆರಿಕಾಸ್ ಕಪ್ಪನ್ನೇ ಚಚ್ಚಿಬಿಟ್ಟ. ಗ್ಯಾರಾರ್ಡ್‌ನವರೇ ಅದನ್ನು ಸರಿಪಡಿಸಿಕೊಟ್ಟರು.

ಇನ್ನು ನೀವು ಕೇಳದ ಪ್ರಶ್ನೆ: ನಿಮ್ಮ ಕಪ್ ಬೆಳ್ಳಿಯದೇ? ಅಡಿಯನ್ನು ಬೆಳಕಿಗೆ ಹಿಡಿದು ನೋಡಿ. ನಡೆಯುತ್ತಿರುವ ಸಿಂಹದ ಪುಟ್ಟ ಮುದ್ರೆ ಇದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಸಾವಿರಕ್ಕೆ 925 ಭಾಗ ಬೆಳ್ಳಿ. ‘ಇ.ಪಿ.ಎನ್.ಎಸ್.’ ಎಂದಿದ್ದರೆ ಒಳಗಿರುವುದು ತಾಮ್ರ, ನಿಕಲ್, ಸತುವಿನ ಮಿಶ್ರಲೋಹ; ಬೆಳ್ಳಿ ಬರೀ ಮೇಲಿನ ಲೇಪ. ದೊರೆಗಳ ತೋಟದ ಬಂಗಲೆಯಿಂದ ಬಂದದ್ದೆಂದ ಮಾತ್ರಕ್ಕೆ ಲೇಪ ದಪ್ಪವಾಗುವುದಿಲ್ಲ.

ಲೇಪದ ಕಪ್ಪಾದರೂ ಕೊಡಿ, ಅವಮಾನವೇನಿಲ್ಲ. ಮೈಮೇಲೆ ಮಾತ್ರ ಕೆತ್ತಿಸಬೇಡಿ. ಉಳಿ ತಾಗಿದಲ್ಲಿ ಒಳಗಿನ ಲೋಹ ಇಣುಕುತ್ತದೆ. ಬೀಟೆ ಮರದ ಪೀಠ ಮಾಡಿಸಿ, ಅದರ ಸುತ್ತ ಸಣ್ಣ ತಗಡು ಹೊಡೆದು ಗೆದ್ದವರ ಹೆಸರು ಬರೆಸಿ. ಅಮೆರಿಕಾಸ್ ಕಪ್ಪಿಗೂ ಹೆಸರುಗಳಿಗೆ ಜಾಗ ಸಾಲದೆ ಕೆಳಗೆ ಪೀಠ ಸೇರಿಸಬೇಕಾಯಿತು. ಮತ್ತೆ, ಉದ್ಘಾಟನೆಯ ಹಿಂದಿನ ರಾತ್ರಿ ಹುಣಸೆಹುಳಿ, ಬೂದಿ ಹಚ್ಚಿ ಉಜ್ಜಬೇಡಿ. ಮೆತ್ತನೆಯ ಹತ್ತಿ ಬಟ್ಟೆ ಸಾಕು.