ಕೊಳಗದ ಅಗಲ ಎಷ್ಟು?

ಭತ್ತ ಅಳೆಯುವ ಪಾತ್ರೆ, ಅಂದರೆ ಒಂದು ಕೊಳಗ ತಗೊಳ್ಳಿ. ಎತ್ತರ ಹಾಗೇ ಇರಲಿ, ಅಗಲವನ್ನು ಮಾತ್ರ ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿ. ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಅದು ಹಿಡಿಯುವ ಭತ್ತ ಶೇ. 21ರಷ್ಟು ಜಾಸ್ತಿಯಾಗುತ್ತದೆ. ಮೇಲೆ ರಾಶಿ ಬರುವಂತೆ ಅಳೆದರೆ ಇನ್ನೂ ಜಾಸ್ತಿ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಹತ್ತಿದ್ದು ಇಂಥದ್ದೇ ಅಳತೆಗೆ. ಗೇಣಿ, ಅಂದರೆ ಗದ್ದೆಯ ಬಾಡಿಗೆಗೆ ಕೊಡುವ ಭತ್ತ, ಅಳೆಯುವ ಕೊಳಗ ದೊಡ್ಡದು ಅನ್ನೋದು ಗೇಣಿದಾರರ ದೂರು. ಒಬ್ಬನೇ ಹೋಗಿ ಕೇಳಿದರೆ ಮುಂದಿನ ಮಳೆಗಾಲಕ್ಕೆ ಆ ಗದ್ದೆ ಬೇರೆಯವರ ಪಾಲು. ಊರೆಲ್ಲ ಒಟ್ಟಿಗೆ ಕೇಳಿದರೆ? ಭೂಮಿಯ ಒಡೆಯರಿಗೆ ಉಳುವವರು ಬೇಕಲ್ವಾ! ಸಂಘದ ಬಲ ಹುಟ್ಟುವುದೇ ಇಲ್ಲಿ. 1951ರಲ್ಲಿ ಎಚ್. ಗಣಪತಿಯಪ್ಪನವರ ರೈತ ಸಂಘದ ಜೊತೆ ಗೇಣಿದಾರರು ಸತ್ಯಾಗ್ರಹಕ್ಕೆಂದು ತಂಡ ತಂಡವಾಗಿ ಗದ್ದೆಗಿಳಿದು ಜೈಲಿಗೆ ಹೋದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು.

ಭೂಮಿ ಮಾತ್ರ ಆಗ ಸಿಗಲಿಲ್ಲ. ಗದ್ದೆಯ ಮಾತು ವಿಧಾನಸಭೆ ಮುಟ್ಟಬೇಕಿತ್ತು. ಸಮಾಜವಾದಿ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಗೆದ್ದು ಅದನ್ನು ಅಲ್ಲಿಗೆ ಒಯ್ದರು. ಗೇಣಿದಾರರಿಗೆ ಭೂಮಿ ಕೊಡುವ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂದಿದ್ದು 1974ರ ಮಾರ್ಚ್ 1ರಂದು. ಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಕಾನೂನು ಬಂದ ಮೇಲೂ ಒಂದು ತೊಡಕಿತ್ತು. ಭೂಮಿ ಬೇಕಾದವರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಬಾಯಿಮಾತಿನ ಗೇಣಿಗೆ ರಸೀದಿ ಎಲ್ಲಿಂದ ತರುವುದು? ಬ್ರೆಜಿಲ್‌ನಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿ 1988ರ ಸಂವಿಧಾನದ ಬಲದಿಂದ ಹಳ್ಳಿಯ ದುಡಿಮೆಗಾರರಿಗೂ ಪಿಂಚಣಿ ಬಂತು, ಗಂಡಸರಿಗೆ 60, ಹೆಂಗಸರಿಗೆ 55 ವರ್ಷಕ್ಕೆ. ಹೊಲದಲ್ಲಿ ದುಡಿದಿದ್ದಕ್ಕೆ ಪುರಾವೆಯಾಗಿ ಅವರ ಸಂಘ ಬರೆದುಕೊಟ್ಟ ಚೀಟಿಗೂ ಬೆಲೆಯಿತ್ತು. ಸಂಘ ಅಂದರೆ ಬರೀ ಧಿಕ್ಕಾರದ ಕೂಗಲ್ಲ, ಕಾಗದವಿಲ್ಲದವರಿಗೆ ಅದು ಸಾಕ್ಷಿ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಕೆಲಸವಾಗಿ ಕಾಣುತ್ತದೆ.

ನಮ್ಮಲ್ಲಿ ಭೂಮಿ ಸಿಕ್ಕಿದ್ದು ಗೇಣಿದಾರರಿಗೆ. ಗೇಣಿಯೂ ಇಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಫಾರಂ 7ರಲ್ಲಿ ಬರೆಯಲು ಏನೂ ಇರಲಿಲ್ಲ. ಈಗಲೂ ಅಡಿಕೆ ಕೊಯ್ಲಿನ ಕಾಲಕ್ಕೆ ಮಲೆನಾಡಿನ ಮನೆಗಳ ಅಂಗಳದಲ್ಲಿ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ರಾತ್ರಿಯವರೆಗೂ ಸುಲಿಯುತ್ತಾರೆ. ಎಷ್ಟೋ ಕಡೆ ಕೂಲಿ ಡಬ್ಬದ ಲೆಕ್ಕದಲ್ಲಿ. ಆ ಡಬ್ಬ ಎಷ್ಟು ಅಗಲ ಅಂತ ಅವರ ಪರವಾಗಿ ಯಾರು ಅಳೆದು ನೋಡಿದ್ದಾರೆ?