ಪ್ಲಾಂಟೇಶನ್ ಎಷ್ಟು, ರೊಬಸ್ಟಾ ಎಷ್ಟು?

ಮುಂಬಯಿಯ ಮಾಟುಂಗಾದಲ್ಲಿ ಕಾಫಿಪುಡಿ ಕೊಳ್ಳೋದು ಒಂದು ಸಣ್ಣ ಪರೀಕ್ಷೆ. ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕವೋ ಭಾಷಣವೋ ಮುಗಿಸಿಕೊಂಡು ಅಂಗಡಿ ಮುಂದೆ ನಿಂತರೆ ಒಳಗಿನವರು ಕೇಳುತ್ತಾರೆ: "ಪ್ಲಾಂಟೇಶನ್ ಎಷ್ಟು, ರೊಬಸ್ಟಾ ಎಷ್ಟು, ಚಿಕೋರಿ ಹಾಕ್ಲಾ?" ಹೋದ ತಿಂಗಳು ನನ್ನ ಮುಂದಿದ್ದ ಹುಡುಗ, "ರೊಬಸ್ಟಾ ಬೇಡ, ಬರೀ ಪೀಬೆರಿ ಕೊಡಿ" ಅಂದ. ಅಂಗಡಿಯವರು ನಕ್ಕರು. "ರೊಬಸ್ಟಾದಲ್ಲೂ ಪೀಬೆರಿ ಇರುತ್ತಪ್ಪಾ."

ಅವರು ಹೇಳಿದ್ದು ಸರಿ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ, ಅರೇಬಿಕಾ ಮತ್ತು ರೊಬಸ್ಟಾ. ಪೀಬೆರಿ ಅನ್ನೋದು ಜಾತಿಯ ಹೆಸರೂ ಅಲ್ಲ, ತಳಿಯ ಹೆಸರೂ ಅಲ್ಲ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜ ಇರುತ್ತವೆ. ಕೆಲವು ಹಣ್ಣಿನಲ್ಲಿ ಒಂದೇ ಬೀಜ ಬೆಳೆದು ಬಟಾಣಿಯ ಹಾಗೆ ದುಂಡಗಾಗುತ್ತದೆ, ಅದೇ ಪೀಬೆರಿ. ಪ್ಲಾಂಟೇಶನ್ ಅಂದರೆ ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾ. ರೊಬಸ್ಟಾವನ್ನು ಇದೇ ರೀತಿ ತೊಳೆದು ಒಣಗಿಸಿದರೆ ಅದಕ್ಕೆ ರೊಬಸ್ಟಾ ಪಾರ್ಚ್‌ಮೆಂಟ್ ಅಂತಾರೆ. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದರೆ ಎರಡೂ ಚೆರಿಯೇ. ಆದರೆ ತೊಳೆದು ಒಣಗಿಸುವ ಒಂದೇ ಕೆಲಸಕ್ಕೆ ಎರಡು ಹೆಸರು. ಹೆಸರಿಡುವಾಗಲೇ ಭೇದ ಮಾಡಿದ್ದಾರೆ ನೋಡಿ.

ಅರೇಬಿಕಾ ಮೇಲು, ರೊಬಸ್ಟಾ ಕೀಳು ಅನ್ನುವ ಈ ಭೇದ ಶುರುವಾದದ್ದು ರುಚಿಯಿಂದ ಅಂತ ಬಹಳ ಜನ ನಂಬಿದ್ದಾರೆ. ನಿಜವಾಗಿ ಕಥೆ ಶುರುವಾಗೋದು ಒಂದು ರೋಗದಿಂದ.

ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟ ಕಥೆ ನಮಗೆಲ್ಲ ಗೊತ್ತು. ಕಾಲ 1670ರ ಸುಮಾರು ಅನ್ನುತ್ತಾರೆ. ಅದು ಅರೇಬಿಕಾ. ಅದರ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹೀಗಾಗಿ ಕೆಲವೇ ಬೀಜದಿಂದ ಹಬ್ಬಿದ ತೋಟದಲ್ಲಿ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಒಂದಕ್ಕೆ ಬಂದ ಕಾಯಿಲೆ ಎಲ್ಲಕ್ಕೂ ಬರುತ್ತದೆ. 1869ರಲ್ಲಿ ಸಿಲೋನಿನಲ್ಲಿ ಆದದ್ದು ಅದೇ. ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು, ಎಲೆ ಉದುರಿತು. ಇಪ್ಪತ್ತು ವರ್ಷದಲ್ಲಿ ಅಲ್ಲಿನ ಕಾಫಿ ಹೆಚ್ಚುಕಡಿಮೆ ಮುಗಿದೇ ಹೋಯಿತು. ತೋಟದವರು ಚಹಾ ನೆಟ್ಟರು. ನಮ್ಮ ಕಡೆಗೂ ಈ ಎಲೆತುಕ್ಕು ರೋಗ ಬರಲು ತಡವಾಗಲಿಲ್ಲ.

ಆಗ ಬಂದದ್ದು ರೊಬಸ್ಟಾ. ಸಸ್ಯಶಾಸ್ತ್ರದವರು ಇದನ್ನು ಕೆನೆಫೊರಾ ಅನ್ನುತ್ತಾರೆ, ಆ ಹೆಸರು ಸಿಕ್ಕಿದ್ದು 1897ರಲ್ಲಿ. ಕಾಂಗೋದಿಂದ ಬೆಲ್ಜಿಯಂಗೆ ಹೋದ ಗಿಡವನ್ನು ಅಲ್ಲಿನ ಸಸಿ ವ್ಯಾಪಾರಿಗಳು ರೊಬಸ್ಟಾ ಅಂತ ಕರೆದು ಮಾರಿದರು. ಅಂದರೆ ಗಟ್ಟಿಗ. 1901ರ ಸುಮಾರಿಗೆ ಅದು ಜಾವಾ ತಲುಪಿತು. ತುಕ್ಕುರೋಗದಲ್ಲಿ ತತ್ತರಿಸಿದ್ದ ಅಲ್ಲಿನ ತೋಟಗಳಲ್ಲಿ ಬೇಗ ಹಬ್ಬಿತು. ಆಮೇಲೆ ನಮ್ಮಲ್ಲಿಗೂ ಬಂತು. ಅರೇಬಿಕಾ ಬದುಕದ ಕಡೆ ಹಾಕೋಣ ಅಂತ ತಂದ ಗಿಡ ಇದು. ಆ ಹಣೆಪಟ್ಟಿ ಇವತ್ತಿಗೂ ಕಳಚಿಲ್ಲ.

ತಮಾಷೆ ಅಂದರೆ, ವಂಶ ನೋಡಿದರೆ ರೊಬಸ್ಟಾವೇ ಹಿರಿಯ. ಆಫ್ರಿಕಾದ ಕಾಡಿನಲ್ಲಿ ಕೆನೆಫೊರಾ ಮತ್ತು ಯೂಜಿನಿಯಾಯ್ಡಿಸ್ ಎಂಬ ಇನ್ನೊಂದು ಕಾಫಿ ಜಾತಿ ತಾವಾಗಿಯೇ ಬೆರೆತು ಹುಟ್ಟಿದ್ದು ಅರೇಬಿಕಾ. ಅದಕ್ಕೇ ರೊಬಸ್ಟಾದಲ್ಲಿ 22 ಕ್ರೋಮೋಸೋಮ್ ಇದ್ದರೆ ಅರೇಬಿಕಾದಲ್ಲಿ 44. ಹೆತ್ತವರನ್ನು ಹಿಂದಿನ ಬೆಂಚಿಗೆ ಕೂರಿಸಿದ ಹಾಗಾಯಿತು, ಅಲ್ವಾ?

ಅರೇಬಿಕಾವನ್ನು ಉಳಿಸಿಕೊಳ್ಳುವ ಪ್ರಯತ್ನವೂ ನಿಲ್ಲಲಿಲ್ಲ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಶುರುವಾಯಿತು. 1940ರ ದಶಕದಲ್ಲಿ ಅಲ್ಲಿಂದ ಬಂದ ಎಸ್.795 ತಳಿ ಇವತ್ತಿಗೂ ಮಲೆನಾಡಿನ ತೋಟಗಳಲ್ಲಿದೆ. ಆದರೆ ತುಕ್ಕು ಒಂದೇ ಅಲ್ಲ. ಬಿಳಿ ಕಾಂಡಕೊರಕ ಅನ್ನುವ ಹುಳು ಗಿಡವನ್ನು ಒಳಗಿನಿಂದಲೇ ತಿಂದು ಹಾಕುತ್ತದೆ.

ಮೂಡಿಗೆರೆ ಹತ್ತಿರ ತೋಟ ಇರುವ ನನ್ನ ಸೋದರಮಾವನಿಗೆ ಫೋನ್ ಮಾಡಿದರೆ ಈ ಮಾತು ಬಂದೇ ಬರುತ್ತದೆ. "ಅರೇಬಿಕಾ ಸಾಕೋದು ಮನೆ ಅಳಿಯನನ್ನು ಸಾಕಿದ ಹಾಗೆ ಮಾರಾಯ. ಎತ್ತರ ಬೇಕು, ನೆರಳು ಬೇಕು, ಹಣ್ಣಾದ ಕೂಡಲೇ ಕೊಯ್ಯಬೇಕು. ಇಲ್ಲಾಂದ್ರೆ ಉದುರಿ ಹೋಗ್ತದೆ." ರೊಬಸ್ಟಾ ಹಣ್ಣು ಗಿಡದಲ್ಲೇ ಕಚ್ಚಿಕೊಂಡಿರುತ್ತದೆ. ಆಳು ಸಿಗದ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ಆದರೆ ಅದಕ್ಕೂ ಹಠ ಇದೆ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ಇವತ್ತು ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಹತ್ತರಲ್ಲಿ ಸುಮಾರು ಏಳು ಪಾಲು ರೊಬಸ್ಟಾ.

ಇನ್ನು ಲೋಟದ ಮಾತು. ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು 1.2 ಶೇಕಡಾ. ರೊಬಸ್ಟಾದಲ್ಲಿ ಎರಡು ದಾಟುತ್ತದೆ. ಕೆಫೀನ್ ಗಿಡಕ್ಕೆ ಹುಳು ಓಡಿಸುವ ಔಷಧ, ನಮ್ಮ ನಾಲಿಗೆಗೆ ಕಹಿ. ಅರೇಬಿಕಾದಲ್ಲಿ ಸಕ್ಕರೆ, ಎಣ್ಣೆ ಅಂಶ ಜಾಸ್ತಿ. ಅದಕ್ಕೇ ಆ ಪರಿಮಳ, ಆ ತೆಳು ಹುಳಿ. ಬೀಜ ಕೈಯಲ್ಲಿ ಹಿಡಿದರೂ ಗೊತ್ತಾಗುತ್ತದೆ: ಅರೇಬಿಕಾ ಉದ್ದುದ್ದ, ನಡುವಿನ ಗೀರು ಡೊಂಕು. ರೊಬಸ್ಟಾ ಗುಂಡಗೆ, ಗೀರು ನೇರ.

ಬಾಂದ್ರಾದ ಹೊಸ ಕೆಫೆಗಳಲ್ಲಿ "ನೂರಕ್ಕೆ ನೂರು ಅರೇಬಿಕಾ" ಅಂತ ಬೋರ್ಡು. ಹಾಲಿಲ್ಲದೆ ಕುಡಿಯುವವರಿಗೆ ಅದು ಸರಿ. ನಮ್ಮದು ಹಾಗಲ್ಲವಲ್ಲ. ಫಿಲ್ಟರಿನಿಂದ ಇಳಿದ ಡಿಕಾಕ್ಷನ್‌ಗೆ ಕಾದ ಹಾಲು, ಸಕ್ಕರೆ ಸುರಿದ ಮೇಲೆ ಬರೀ ಅರೇಬಿಕಾ ಎಲ್ಲೋ ಕಳೆದುಹೋಗುತ್ತದೆ. ಹಾಲಿನ ಮುಂದೆ ಎದೆಯೊಡ್ಡಿ ನಿಲ್ಲೋದು ರೊಬಸ್ಟಾ. ಇಟಲಿಯವರು ಎಸ್ಪ್ರೆಸೊ ಮೇಲೆ ದಪ್ಪ ನೊರೆ ಬರಲಿ ಅಂತ ಇದನ್ನೇ ಬೆರೆಸುತ್ತಾರೆ, ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಅವರೇ. ಇದನ್ನು ಬರೀ ಇನ್‌ಸ್ಟಂಟ್ ಪುಡಿಯ ಸರಕು ಅಂತ ತಳ್ಳಿಹಾಕೋದು ನನಗಂತೂ ಸರಿ ಕಾಣುವುದಿಲ್ಲ. (ಚಿಕೋರಿ ಬೇರೆ ಮಾತು. ಅದು ಕಾಫಿಯೇ ಅಲ್ಲ, ಗುಜರಾತಿನ ಕಡೆ ಬೆಳೆಯುವ ಒಂದು ಬೇರು.)

ಮುಂಬಯಿಗೆ ಕಾಫಿ ಹೌಸ್ ಹೊಸದೇನಲ್ಲ. ಜನರಿಗೆ ಕಾಫಿ ರುಚಿ ಹತ್ತಿಸಬೇಕು ಅಂತ ಕಾಫಿ ಸೆಸ್ ಕಮಿಟಿ ತನ್ನ ಮೊದಲ ಕಾಫಿ ಹೌಸ್ ತೆರೆದದ್ದು ಇಲ್ಲೇ ಚರ್ಚ್‌ಗೇಟ್‌ನಲ್ಲಿ, 1936ರಲ್ಲಿ. ಮುಂದೆ 1942ರ ಕಾಯ್ದೆಯಿಂದ ಬೆಳೆದ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಒಟ್ಟು ದಾಸ್ತಾನಿಗೆ, ಹೋಗತೊಡಗಿತು. ಮಾರುವುದು ಮಂಡಳಿಯೇ. 1990ರ ದಶಕದಲ್ಲಿ ಆ ಪದ್ಧತಿ ಮುಗಿದು ಬೆಳೆಗಾರ ತಾನೇ ಮಾರುವ ಹಾಗಾಯಿತು. 2024ರಲ್ಲಿ ವಿಯೆಟ್ನಾಂನ ಬೆಳೆ ಬರಕ್ಕೆ ಸಿಕ್ಕಾಗ ರೊಬಸ್ಟಾ ದರ ಹಿಂದೆಂದೂ ಕಾಣದಷ್ಟು ಏರಿತು. ಮಾವ ಆ ವರ್ಷ ಫೋನ್‌ನಲ್ಲಿ ಸ್ವಲ್ಪ ಜಾಸ್ತಿ ಹೊತ್ತೇ ಮಾತಾಡುತ್ತಿದ್ದ.

ಅವತ್ತು ಅಂಗಡಿಯಲ್ಲಿ ನಾನು ಅರ್ಧ ಪ್ಲಾಂಟೇಶನ್, ಅರ್ಧ ರೊಬಸ್ಟಾ ಪಾರ್ಚ್‌ಮೆಂಟ್, ಚಿಕೋರಿ ಬೇಡ ಅಂದೆ. ಹುಡುಗ ತನ್ನ ಪೀಬೆರಿ ಪೊಟ್ಟಣ ಹಿಡಿದು ನನ್ನನ್ನೇ ನೋಡಿದ. ರಾತ್ರಿ ಮಾವನನ್ನು ಸುಮ್ನೆ ಕೇಳಿದೆ, ನಿಮ್ಮ ಮನೆ ಡಬ್ಬಿಯಲ್ಲಿ ಯಾವುದು ಅಂತ.

"ರೊಬಸ್ಟಾ ಚೆರಿ" ಅಂದ. "ಅರೇಬಿಕಾ ಎಲ್ಲಾ ಮಾರಿ ಆಯ್ತಲ್ಲ ಮಾರಾಯ."