ರೀಇಶ್ಯೂ: ಹಳೇ ಆಲ್ಬಂ ‘ಹೊಸದಾಗಿ’ ಬಂತು ಅಂದ್ರೆ ಏನು?

ಜಾಜ್, ಸೋಲ್ (ಎರಡೂ ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ ಪ್ರಕಾರಗಳು) ಸಂಗೀತದಲ್ಲಿ ‘ಈ ವರ್ಷ ಕೇಳಲೇಬೇಕಾದ ಆಲ್ಬಂಗಳು’ ಅನ್ನೋ ಪಟ್ಟಿ ನೋಡಿದರೆ ಮೊದಲಿಗೆ ಗೊಂದಲವಾಗುತ್ತದೆ. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ತೀರಿಕೊಂಡಿದ್ದು 1967ರಲ್ಲಿ. ಆದರೂ 2018, 2021, 2023ರಲ್ಲಿ ಅವರ ಆಲ್ಬಂಗಳು ಬಂದಿವೆ. ಪಕ್ಕದಲ್ಲೇ ರೀಇಶ್ಯೂ, ರೀಮಾಸ್ಟರ್, ಲಾಸ್ಟ್ ಆಲ್ಬಂ ಅಂತ ನಾನಾ ಹೆಸರು. ಇವೆಲ್ಲ ಒಂದೇ ಅಂದುಕೊಂಡು ಕೊಂಡರೆ ದುಡ್ಡು ದಂಡ.

ರೀಇಶ್ಯೂ ಅಂದರೆ ಮರುಬಿಡುಗಡೆ. ಒಮ್ಮೆ ಹೊರಬಂದು ಸಿಗದಂತಾದ ಆಲ್ಬಂ ಅನ್ನು ಮತ್ತೆ ಅಚ್ಚು ಹಾಕಿ ಮಾರುವುದು. ಹಾಡು ಅದೇ, ನುಡಿಸಿದವರು ಅವರೇ, ಹೆಚ್ಚಿನ ಸಲ ಮುಖಚಿತ್ರವೂ ಅದೇ. ಹಾಗಿದ್ದೂ ಒಂದು ರೀಇಶ್ಯೂ ಜೀವಂತವಾಗಿ ಕೇಳಿಸುತ್ತದೆ, ಇನ್ನೊಂದು ಮಂಕು. ಯಾಕೆ? ಬಹಳ ಮಟ್ಟಿಗೆ ಅದನ್ನು ಯಾವ ಟೇಪ್‌ನಿಂದ ತೆಗೆದರು ಅನ್ನೋದೇ ಕಾರಣ.

ಅಂತಿಮವಾಗಿ ಸಿದ್ಧಪಡಿಸಿದ ಮೂಲ ಟೇಪ್‌ಗೆ ಮಾಸ್ಟರ್ ಟೇಪ್ ಅನ್ನುತ್ತಾರೆ. ಅದರಿಂದ ಒಂದು ನಕಲು, ಆ ನಕಲಿನಿಂದ ಮತ್ತೊಂದು. ಅನಲಾಗ್ ಟೇಪ್‌ನಲ್ಲಿ ಹೀಗೆ ಒಂದೊಂದು ಮೆಟ್ಟಿಲು ಇಳಿದಾಗಲೂ ಹಿನ್ನೆಲೆಯ ಸುಯ್ ಸದ್ದು ಹೆಚ್ಚುತ್ತದೆ, ಸಿಂಬಲ್ (ಡ್ರಮ್ ಸೆಟ್‌ನ ಲೋಹದ ತಾಳ) ತಟ್ಟಿದ ಚುರುಕು ಕಮ್ಮಿಯಾಗುತ್ತದೆ. ಜಾಜ್ ರೆಕಾರ್ಡ್‌ಗಳಿಗೆ ಹೆಸರಾದ ಬ್ಲೂ ನೋಟ್ ಕಂಪನಿ 2019ರಲ್ಲಿ ಶುರು ಮಾಡಿದ ಟೋನ್ ಪೊಯೆಟ್ ರೀಇಶ್ಯೂ ಸರಣಿಗೆ ಅಷ್ಟು ಹೆಸರು ಬಂದಿದ್ದು ಸುಮ್ನೆ ಅಲ್ಲ. ಜೋ ಹಾರ್ಲಿ ಉಸ್ತುವಾರಿ, ಕೆವಿನ್ ಗ್ರೇ ಮಾಸ್ಟರಿಂಗ್ (ಅಚ್ಚಿಗೆ ಮುಂಚೆ ನಾದವನ್ನು ಹದ ಮಾಡುವ ಕೆಲಸ), ಎಲ್ಲವೂ ಮೂಲ ಟೇಪ್‌ನಿಂದಲೇ.

ಮೂಲ ಟೇಪ್ ಅಂದ ಮಾತ್ರಕ್ಕೆ ಎಲ್ಲ ಸರಿ ಇರುತ್ತೆ ಅಂತಲೂ ಇಲ್ಲ. ಜಾಜ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಂನ ಕಥೆಯನ್ನೇ ತಗೊಳ್ಳಿ. ಅದರ ಮೊದಲ ಬದಿಯ ಮೂರು ರಚನೆಗಳು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿದ್ದು 1959ರ ಮಾರ್ಚ್ 2ರಂದು. ಅವತ್ತು ಮುಖ್ಯ ಟೇಪ್ ಯಂತ್ರ ಒಂಚೂರು ನಿಧಾನವಾಗಿ ಓಡಿತ್ತು. ನಿಧಾನವಾಗಿ ಓಡಿದ ಟೇಪ್ ಅನ್ನು ಸರಿಯಾದ ವೇಗದಲ್ಲಿ ಹಾಕಿದರೆ ಏನಾಗುತ್ತೆ? ಸಂಗೀತ ಬೇಗ ಓಡುತ್ತದೆ, ಶ್ರುತಿ ಮೇಲೇರುತ್ತದೆ. ರೆಕಾರ್ಡ್ ಜೊತೆ ನುಡಿಸಿ ಕಲಿಯುವವರ ವಾದ್ಯಕ್ಕೂ ಆ ಬದಿಗೂ ಶ್ರುತಿ ಕೂಡುತ್ತಿರಲಿಲ್ಲ. ಅದೃಷ್ಟಕ್ಕೆ ಆ ದಿನ ಇನ್ನೊಂದು ಯಂತ್ರವೂ ಹೆಚ್ಚುವರಿ ಪ್ರತಿಗಾಗಿ ಜೊತೆಜೊತೆಗೇ ಓಡುತ್ತಿತ್ತು, ಅದರ ವೇಗ ಸರಿ ಇತ್ತು. ಆ ಟೇಪ್ ಬಳಸಿ 1992ರ ರೀಇಶ್ಯೂನಲ್ಲಿ ತಪ್ಪು ತಿದ್ದಿದರು. ಅಂದರೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಜಗತ್ತು ಆ ಬದಿಯನ್ನು ತಪ್ಪು ಶ್ರುತಿಯಲ್ಲೇ ಕೇಳಿತು. ‘ಮೊದಲ ಅಚ್ಚೇ ಶ್ರೇಷ್ಠ’ ಅಂತ ವಾದ ಮಾಡುವವರಿಗೆ ನಾನು ಇದನ್ನೇ ನೆನಪಿಸೋದು.

ರೀಮಾಸ್ಟರ್ ಮತ್ತು ರೀಮಿಕ್ಸ್ ಬೇರೆ ಬೇರೆ. ರೀಮಾಸ್ಟರ್‌ನಲ್ಲಿ ಸಿದ್ಧ ಟೇಪ್‌ನ ಒಟ್ಟು ನಾದವನ್ನು, ಅಬ್ಬರವನ್ನು ಹದ ಮಾಡುತ್ತಾರೆ. ರೀಮಿಕ್ಸ್‌ನಲ್ಲಿ ದನಿ, ಡ್ರಮ್, ಪಿಯಾನೋಗಳ ಬಿಡಿ ಟ್ರ್ಯಾಕ್‌ಗಳಿಗೇ ಕೈ ಹಾಕುತ್ತಾರೆ. ಜಾನ್ ಕೋಲ್ಟ್ರೇನ್ ಅವರ ಪತ್ನಿ, ಸಂಗೀತಗಾರ್ತಿ ಆಲಿಸ್ ಕೋಲ್ಟ್ರೇನ್ 1982ರಲ್ಲಿ ಕ್ಯಾಸೆಟ್ ಆಗಿ ತಂದ ‘ತುರೀಯ ಸಿಂಗ್ಸ್’ ಭಜನೆಗಳಲ್ಲಿ ಸಿಂಥಸೈಜರ್, ತಂತಿವಾದ್ಯಗಳ ದಟ್ಟ ಪದರಗಳಿದ್ದವು. 2021ರಲ್ಲಿ ಬಂದ ‘ಕೀರ್ತನ್: ತುರೀಯ ಸಿಂಗ್ಸ್’ನಲ್ಲಿ ಅವೆಲ್ಲ ಇಲ್ಲ. ಅವರ ದನಿ, ಒಂದು ವುರ್ಲಿಟ್ಜರ್ ಆರ್ಗನ್, ಅಷ್ಟೇ. ನನಗೆ ಇದೇ ಹೆಚ್ಚು ಇಷ್ಟ. ಆದರೆ ಇದನ್ನು ರೀಇಶ್ಯೂ ಅನ್ನೋಕಾಗಲ್ಲ, ಕೇಳುಗರ ಕೈಗೆ ಬಂದಿದ್ದು ಬೇರೆಯದೇ ಆಲ್ಬಂ.

ಇನ್ನು ಮೊದಲು ಹೇಳಿದ ಜಾನ್ ಕೋಲ್ಟ್ರೇನ್ ಒಗಟು. 2018ರಲ್ಲಿ ಬಂದ ‘ಬೋತ್ ಡೈರೆಕ್ಷನ್ಸ್ ಅಟ್ ಒನ್ಸ್’ 1963ರ ಮಾರ್ಚ್ 6ರಂದು ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿದ್ದು. ಕಂಪನಿಯ ಬಳಿ ಮಾಸ್ಟರ್ ಉಳಿದಿರಲಿಲ್ಲ. ಕೋಲ್ಟ್ರೇನ್ ಮನೆಗೆ ಒಯ್ದಿದ್ದ ಮೋನೋ ಟೇಪ್ ಅವರ ಮೊದಲ ಹೆಂಡತಿ ನಯೀಮಾ ಅವರ ಕುಟುಂಬದ ಬಳಿ ಸಿಕ್ಕಿತು. ಇಂಥದ್ದು ಆರ್ಕೈವಲ್ ಬಿಡುಗಡೆ, ಅಂದರೆ ಹಳೇ ಸಂಗ್ರಹದಿಂದ ಮೊದಲ ಸಲ ಹೊರಬಂದದ್ದು; ಲಾಸ್ಟ್ ಆಲ್ಬಂ ಅನ್ನೋದೂ ಇದಕ್ಕೇ. ಮೊದಲು ಬಂದೇ ಇರಲಿಲ್ಲವಲ್ಲ, ಮರುಬಿಡುಗಡೆ ಹೇಗಾದೀತು?

ಸೋಲ್ ಕಡೆಗೆ ಬಂದರೆ ರೀಇಶ್ಯೂ ಮಾಡುವ ಕೆಲಸವೇ ಬೇರೆ. ಜಾಜ್‌ನಲ್ಲಿ ಹೆಸರಾಂತ ಆಲ್ಬಂ ಇನ್ನೂ ಚೆನ್ನಾಗಿ ಕೇಳಿಸಲಿ ಅನ್ನೋ ಆಸೆ ಜಾಸ್ತಿ. ಸೋಲ್‌ನಲ್ಲಿ ಹೆಚ್ಚಾಗಿ ಯಾರೂ ಕೇಳಿರದ ಆಲ್ಬಂಗೆ ಎರಡನೇ ಅವಕಾಶ. 1960–70ರ ದಶಕದಲ್ಲಿ ಅಮೆರಿಕದ ಊರೂರಲ್ಲಿ ಸಣ್ಣ ಲೇಬಲ್‌ಗಳು (ರೆಕಾರ್ಡ್ ಕಂಪನಿಗಳು) ಇದ್ದವು. ಕೆಲವೇ ಸಿಂಗಲ್ (ಒಂದೆರಡು ಹಾಡಿನ ರೆಕಾರ್ಡ್) ತಂದು ಮುಚ್ಚಿಹೋದವು. ಷಿಕಾಗೋದ ನ್ಯೂಮೆರೋ ಗ್ರೂಪ್ ಅಂಥವನ್ನು ಹುಡುಕಿ ‘ಎಕ್ಸೆಂಟ್ರಿಕ್ ಸೋಲ್’ ಸರಣಿ ಮಾಡಿತು. ಮೊದಲ ಸಂಪುಟ ಓಹಾಯೋದ ಕೊಲಂಬಸ್‌ನಲ್ಲಿದ್ದ ಕ್ಯಾಪ್‌ಸೋಲ್ ಲೇಬಲ್ ಬಗ್ಗೆ. ಗಾಯಕ, ಗಿಟಾರ್ ವಾದಕ ಷಗೀ ಓಟಿಸ್ 1974ರಲ್ಲಿ ತಂದ ‘ಇನ್‌ಸ್ಪಿರೇಷನ್ ಇನ್‌ಫರ್ಮೇಷನ್’ 2001ರಲ್ಲಿ ಲುವಾಕಾ ಬಾಪ್ ಲೇಬಲ್ ಮೂಲಕ ಮತ್ತೆ ಬಂದಾಗಲೇ ಹೊಸ ಕೇಳುಗರನ್ನು ಕಂಡಿದ್ದು. ಗಾಯಕಿ ಬೆಟ್ಟಿ ಡೇವಿಸ್ ಅವರ 1973, 1974ರ ಆಲ್ಬಂಗಳನ್ನು ಲೈಟ್ ಇನ್ ದಿ ಆಟಿಕ್ ಲೇಬಲ್ 2007ರಲ್ಲಿ ಮತ್ತೆ ತಂದಿತು. ಅವರ ದನಿಯ ಆ ಗರ್ಜನೆ ಇವತ್ತಿಗೂ ಬೆಚ್ಚಿಬೀಳಿಸುತ್ತದೆ. ಹಳೇ ಜಾಜ್ ಎಷ್ಟೋ ಸಲ ಕೇಳಿದ್ದರೂ ಸೋಲ್ ಹೊಸದಾದರೆ, ನಿಮ್ಮ ಮೊದಲ ರೀಇಶ್ಯೂ ಬೆಟ್ಟಿ ಡೇವಿಸ್ ಅವರದ್ದೇ ಆಗಲಿ ಅಂತೀನಿ.

ಕೊಳ್ಳುವಾಗ ‘180 ಗ್ರಾಂ ವಿನೈಲ್’ (ವಿನೈಲ್ ಅಂದರೆ ರೆಕಾರ್ಡ್ ತಟ್ಟೆಯ ಪ್ಲಾಸ್ಟಿಕ್) ಅನ್ನೋ ಸ್ಟಿಕರ್‌ಗೆ ಮರುಳಾಗಬೇಡಿ. ಅದು ತಟ್ಟೆಯ ತೂಕ, ನಾದದ ಗುಣವಲ್ಲ. ಹಿಂಬದಿಯ ಸಣ್ಣ ಅಕ್ಷರ ಓದಿ. ಮೂಲ ಟೇಪ್ ಬಳಸಿದ್ದರೆ ಸಾಮಾನ್ಯವಾಗಿ ಹೆಮ್ಮೆಯಿಂದ ಹೇಳಿಕೊಂಡಿರುತ್ತಾರೆ. ಏನೂ ಹೇಳದೆ ಬರೀ ‘ಡಿಜಿಟಲಿ ರೀಮಾಸ್ಟರ್ಡ್’ ಅಂತಿದ್ದರೆ ಸ್ವಲ್ಪ ಅನುಮಾನ ಇರಲಿ. ತಟ್ಟೆಯ ಮೇಲೆ ಕೊನೆಯ ಹಾಡಿಗೂ ನಡುವಿನ ಕಾಗದದ ಲೇಬಲ್‌ಗೂ ಮಧ್ಯೆ ನುಣುಪಾದ ಜಾಗ ಇರುತ್ತಲ್ವಾ, ಅದನ್ನು ಬೆಳಕಿಗೆ ವಾಲಿಸಿ ನೋಡಿ. ಕೆಪಿಜಿ ಅಂತ ಗೀಚಿದ್ದರೆ ಕೆವಿನ್ ಗ್ರೇ ಕೆಲಸ. ಆರ್‌ವಿಜಿ ಅಂತಿದ್ದರೆ ವ್ಯಾನ್ ಗೆಲ್ಡರ್.

ಹೊಸದು ಮತ್ತು ಹಳೆಯದರ ಗಡಿಯ ಮೇಲೇ ನಿಂತ ಆಲ್ಬಂ ಒಂದಿದೆ: ಡ್ರಮ್ಮರ್ ಮಕಾಯಾ ಮೆಕ್‌ಕ್ರೇವನ್ 2021ರಲ್ಲಿ ತಂದ ‘ಡಿಸೈಫರಿಂಗ್ ದಿ ಮೆಸೇಜ್’. ಆರ್ಟ್ ಬ್ಲೇಕಿ, ಹ್ಯಾಂಕ್ ಮೋಬ್ಲಿ, ಬಾಬಿ ಹಚರ್ಸನ್ ಎಂಬ ಹಳೇ ಜಾಜ್ ವಾದಕರ ಬ್ಲೂ ನೋಟ್ ರೆಕಾರ್ಡಿಂಗ್‌ಗಳನ್ನು ಕತ್ತರಿಸಿ, ಮೇಲೆ ಇವತ್ತಿನ ವಾದಕರಿಂದ ನುಡಿಸಿದ್ದಾರೆ. ಅಂಗಡಿಯವರು ಇದನ್ನು ಹೊಸ ಆಲ್ಬಂಗಳ ಸಾಲಿನಲ್ಲಿಡುತ್ತಾರೆ, ಅದೇ ಸರಿ. ಮೊದಲು ಇದನ್ನು ಕೇಳಿ, ಆಮೇಲೆ ಮೂಲ ರೆಕಾರ್ಡ್‌ಗಳ ರೀಇಶ್ಯೂ ಹುಡುಕಿ. ಉಲ್ಟಾ ಮಾಡಿದರೆ ಎಲ್ಲಿ ಏನು ಕತ್ತರಿಸಿದರು ಅಂತ ಲೆಕ್ಕ ಹಾಕೋದರಲ್ಲೇ ಹಾಡು ಮುಗಿದಿರುತ್ತದೆ.